ಬಿಪಿಎಲ್ ಕಾರ್ಡ್ ಇಲ್ಲವೆಂದು ಅಂಗನವಾಡಿ ಬಾಗಿಲಿನಿಂದ ಹಿಂದಿರುಗಬೇಡಿ

ಮಗುವನ್ನು ಅಂಗನವಾಡಿಗೆ ಸೇರಿಸಲು ಹೋದಾಗ ಯಾರಾದರೂ ನಿಮ್ಮ ಪಡಿತರ ಚೀಟಿ ಎಪಿಎಲ್ಲೋ ಬಿಪಿಎಲ್ಲೋ ಎಂದು ಕೇಳಿ, ಎಪಿಎಲ್ ಎಂದ ಕೂಡಲೇ ತಲೆಯಾಡಿಸಿದರೆ, ದಯವಿಟ್ಟು ನಾನು ಮಾಡಿದಂತೆ ಸುಮ್ಮನೆ ಮಗುವಿನ ಕೈ ಹಿಡಿದುಕೊಂಡು ಮನೆಗೆ ಬರಬೇಡಿ. ಹಾಗೆ ಬಂದದ್ದರಿಂದ ನನ್ನ ಮಗನ ಒಂದು ವರ್ಷವೂ ನಮ್ಮ ಮನೆಯ ಮೂವತ್ತಮೂರು ಸಾವಿರ ರೂಪಾಯಿಯೂ ಹೋದವು. ಇನ್ನೊಬ್ಬರಿಗೆ ಹೀಗಾಗದಿರಲಿ ಎಂದು ನಡೆದದ್ದನ್ನು ಇಲ್ಲಿ ಬರೆದಿದ್ದೇನೆ.

ನನ್ನ ಗಂಡ ಆಟೊ ಓಡಿಸುತ್ತಾರೆ, ನಾನು ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮೊದಲು ನಮ್ಮಲ್ಲಿ ಬಿಪಿಎಲ್ ಕಾರ್ಡ್ ಇತ್ತು. ಹೊಸ ಆಟೊ ಕೊಳ್ಳಲು ಸಾಲ ಬೇಕಾದಾಗ, ಆದಾಯ ತೆರಿಗೆ ರಿಟರ್ನ್ಸ್ ಇದ್ದರೆ ಸಾಲ ಸುಲಭವಾಗುತ್ತದೆ ಎಂದು ಯಾರೋ ಹೇಳಿದ ಮಾತು ಕೇಳಿ ರಿಟರ್ನ್ಸ್ ಸಲ್ಲಿಸಿದೆವು. ಕಟ್ಟಬೇಕಾದ ತೆರಿಗೆ ಸೊನ್ನೆ. ಆದರೆ ಸಾಲ ಬೇಗ ಸಿಗಲೆಂದು ಕಾಗದದ ಮೇಲೆ ತುಸು ಹೆಚ್ಚಿಸಿ ತೋರಿಸಿದ ಆದಾಯ ವರ್ಷಕ್ಕೆ 1 ಲಕ್ಷ 20 ಸಾವಿರದ ಮಿತಿಯನ್ನು ದಾಟಿತ್ತು. 2023ರ ಆರಂಭದಲ್ಲಿ ನಮ್ಮ ಕಾರ್ಡ್ ಎಪಿಎಲ್‌ಗೆ ಬದಲಾಯಿತು. ಆಟೊದ ಕಂತು ಕಟ್ಟಿದ ಮೇಲೆ ಉಳಿಯುವ ಹಣದಲ್ಲಿ ಬದುಕುವವರು ಬಡತನದ ರೇಖೆಯ ಮೇಲೆ ಹೋದ ಬಗೆ ಇದು.

ಅದೇ ಜೂನ್‌ನಲ್ಲಿ ಮಗನನ್ನು ಕರೆದುಕೊಂಡು ಬಡಾವಣೆಯ ಅಂಗನವಾಡಿಗೆ ಹೋದೆ. ಅವನಿಗೆ ಆಗ ಮೂರು ವರ್ಷ ನಾಲ್ಕು ತಿಂಗಳು. ಊಟದ ಹೊತ್ತು. ನಾನು ಕಾರ್ಯಕರ್ತೆಯ ಎದುರು ಚೀಲದಿಂದ ಕಾಗದಗಳನ್ನು ತೆಗೆಯುತ್ತಿರುವಷ್ಟರಲ್ಲಿ ಅವನು ಚಪ್ಪಲಿ ಬಿಟ್ಟು, ಸಾಲಿನಲ್ಲಿ ಕುಳಿತಿದ್ದ ಮಕ್ಕಳ ಪಕ್ಕದಲ್ಲಿ ತಾನೂ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟಿದ್ದ. ಸಹಾಯಕಿ ಅವನ ಮುಂದೆಯೂ ಒಂದು ತಟ್ಟೆ ಇಟ್ಟಿದ್ದರು. ಕಾರ್ಯಕರ್ತೆ ಪಡಿತರ ಚೀಟಿಯನ್ನು ತಿರುಗಿಸಿ ನೋಡಿ, “ಎಪಿಎಲ್‌ನವರಿಗೆ ಬರಲ್ಲಮ್ಮ, ಇದು ಬಡವರ ಮಕ್ಕಳಿಗೆ” ಎಂದರು. ಬೈಯಲಿಲ್ಲ, ಮುಖ ತಿರುಗಿಸಲೂ ಇಲ್ಲ, ಗೊತ್ತಿರುವ ನಿಯಮವನ್ನು ಹೇಳುವವರ ಹಾಗೆ ಹೇಳಿದರು. ಹಾಗಾಗಿಯೇ ನಾನೂ ನಂಬಿದೆ. ಚಾಪೆಯ ಮೇಲಿಂದ ಮಗನನ್ನು ಎಬ್ಬಿಸಿಕೊಂಡು ಬಂದೆ.

ಆ ನಿಯಮ ಎಲ್ಲಿಯೂ ಇಲ್ಲವೆಂದು ನನಗೆ ಗೊತ್ತಾಗಲು ಹನ್ನೊಂದು ತಿಂಗಳು ಬೇಕಾಯಿತು.

ಅಂಗನವಾಡಿಯ ಮಾತು ಮುಗಿದ ವಾರದಲ್ಲೇ ನಮ್ಮ ಬೀದಿಯ ತಿರುವಿನ ಒಂದು ಮನೆಯ ಮುಂದೆ ಪ್ಲೇ ಹೋಮ್‌ನ ಬ್ಯಾನರ್ ಕಂಡಿತು. ಅದರ ಹೆಸರು ಬೇಡ. ಒಳಗೆ ಎರಡು ಕೋಣೆ, ಗೋಡೆಯ ಮೇಲೆ ಪ್ರಾಣಿಗಳ ಚಿತ್ರ, ಬಣ್ಣದ ಪ್ಲಾಸ್ಟಿಕ್ ಕುರ್ಚಿಗಳು. ಪ್ರವೇಶಕ್ಕೆ ಹದಿನಾಲ್ಕು ಸಾವಿರ, ತಿಂಗಳಿಗೆ ಒಂದೂವರೆ ಸಾವಿರ ಎಂದಾಗ ನಾನು ಎದ್ದು ನಿಂತೆ. ಆಗ ನಡೆಸುವವರು ಹೇಳಿದ ಮಾತು ಇದು: “ಈ ವರ್ಷ ಮಾತ್ರ ಕಟ್ಟಿ, ಮುಂದಿನ ವರ್ಷ ಆರ್‌ಟಿಇ ಅಡಿಯಲ್ಲಿ ನಮ್ಮಲ್ಲೇ ಉಚಿತ ಸೀಟು ಮಾಡಿಸಿಕೊಡುತ್ತೇವೆ, ಈಗ ಆರ್‌ಟಿಇ ಎಪಿಎಲ್‌ನವರಿಗೂ ವಿಸ್ತರಣೆಯಾಗಿದೆ.” ಆರ್‌ಟಿಇ ಎಂದರೆ ಶಿಕ್ಷಣ ಹಕ್ಕು ಕಾಯ್ದೆ. ಆ ಸೀಟಿನ ಪ್ರಕ್ರಿಯೆಗೆಂದು ಡಿಸೆಂಬರ್‌ನಲ್ಲಿ ಮತ್ತೆ ಎರಡೂವರೆ ಸಾವಿರ ತೆಗೆದುಕೊಂಡರು. ಅಂಗನವಾಡಿಯಲ್ಲಿ ಇಲ್ಲದ ನಿಯಮವೊಂದನ್ನು ಹೇಳಿ ನಮ್ಮನ್ನು ಹೊರಗಿಟ್ಟರೆ, ಇಲ್ಲಿ ಇಲ್ಲದ ಇನ್ನೊಂದನ್ನು ಹೇಳಿ ಒಳಗೆ ಕರೆದುಕೊಂಡರು.

ಮುಂದಿನ ಬೇಸಿಗೆಯಲ್ಲಿ ಉಚಿತ ಸೀಟಿನ ಸುದ್ದಿಯೇ ಇಲ್ಲದಿದ್ದಾಗ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ನಕ್ಕರು ಎನ್ನಲಾರೆ, ಆದರೆ ನಗು ತಡೆದುಕೊಂಡರು. ಅವರು ವಿವರಿಸಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 12(1)(ಸಿ) ಪ್ರಕಾರ ಖಾಸಗಿ ಶಾಲೆಗಳು ಶೇ. 25ರಷ್ಟು ಸೀಟುಗಳನ್ನು ಕೊಡಬೇಕಾದದ್ದು ನಿಜ. ಶಾಲೆಯಲ್ಲಿ ಎಲ್‌ಕೆಜಿ ಇದ್ದರೆ ಅಲ್ಲಿಂದಲೇ ಕೊಡಬೇಕು ಎನ್ನುವುದೂ ನಿಜ. ಆದರೆ ಅದು ಶಾಲೆಗಳಿಗೆ ಅನ್ವಯಿಸುವ ಮಾತು. ಒಂದನೇ ತರಗತಿಯೇ ಇಲ್ಲದ ಪ್ಲೇ ಹೋಮ್‌ಗೆ ಆ ಸೀಟು ಬರುವುದೇ ಇಲ್ಲ. ಅರ್ಜಿ ಹೋಗುವುದು ಶಿಕ್ಷಣ ಇಲಾಖೆಯ ಆನ್‌ಲೈನ್ ವ್ಯವಸ್ಥೆಗೆ, ಹಂಚಿಕೆ ಆಗುವುದು ಲಾಟರಿಯಿಂದ. ನಡುವೆ ಯಾರೂ “ಮಾಡಿಸಿಕೊಡುವವರು” ಇಲ್ಲ. ಅದಕ್ಕಿಂತ ಮುಖ್ಯವಾಗಿ, 2019ರಲ್ಲಿ ಕರ್ನಾಟಕ ತನ್ನ ನಿಯಮವನ್ನೇ ತಿದ್ದಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲವೆಂದು ಮಾಡಿದೆ. ಲಕ್ಷ ದಾಟಿದ್ದ ಸೀಟುಗಳ ಸಂಖ್ಯೆ ಆ ಒಂದೇ ವರ್ಷದಲ್ಲಿ ಇಪ್ಪತ್ತು ಸಾವಿರದೊಳಗೆ ಇಳಿಯಿತಂತೆ. ನಮ್ಮ ವಾರ್ಡ್‌ನಲ್ಲಿ ಸರ್ಕಾರಿ ಶಾಲೆ ಇದೆ, ಪಟ್ಟಿಯಲ್ಲಿ ಖಾಸಗಿ ಶಾಲೆ ಒಂದೂ ಇರಲಿಲ್ಲ. ಪ್ಲೇ ಹೋಮ್‌ನವರು “ವಿಸ್ತರಣೆ” ಎಂದದ್ದು ಐದು ವರ್ಷದ ಹಿಂದೆಯೇ ಕಿರಿದಾಗಿತ್ತು.

ಜೊತೆಗೆ ಇನ್ನೊಂದು ಎಡವಟ್ಟು ಕೂಡ ಅಲ್ಲೇ ತಿಳಿಯಿತು. ಮೂರು ವರ್ಷ ನಾಲ್ಕು ತಿಂಗಳ ಮಗನನ್ನು ಪ್ಲೇ ಹೋಮ್‌ನವರು ನೇರವಾಗಿ ಎಲ್‌ಕೆಜಿಗೆ ಕೂರಿಸಿದ್ದರು. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ಸರ್ಕಾರ 2022ರಲ್ಲೇ ಆದೇಶ ಮಾಡಿ, ಜಾರಿಯನ್ನು 2025–26ಕ್ಕೆ ಮುಂದೂಡಿತ್ತು. ಅವರ ಲೆಕ್ಕದಂತೆ ನಡೆದಿದ್ದರೆ ಅವನು ಯುಕೆಜಿ ಮುಗಿಸಿ ಮತ್ತೊಂದು ವರ್ಷ ಮನೆಯಲ್ಲಿ ಕೂರಬೇಕಿತ್ತು. ಆ ವರ್ಷಕ್ಕೆ ಮಾತ್ರವೆಂದು ಮುಂದೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದರಾದರೂ ನನ್ನ ಮಗನಿಗೆ ಅದಕ್ಕೂ ಕೆಲವು ದಿನ ಕಡಿಮೆ.

ಅಂಗನವಾಡಿಯಲ್ಲಿ ಬೇಡವೆಂದ ಕಥೆಯನ್ನು ಹೇಳಿದಾಗ, ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಗೆ ಹೋಗಿ ಕೇಳಿ ಎಂದು ಕಳಿಸಿದವರೂ ಅದೇ ಗುಮಾಸ್ತರು. ಅಲ್ಲಿದ್ದ ಮೇಲ್ವಿಚಾರಕಿ ನನ್ನ ಮಾತು ಮುಗಿಯುವ ಮೊದಲೇ, “ಕಾರ್ಡ್ ಕೇಳುವ ಹಾಗೇ ಇಲ್ಲವಲ್ಲ” ಎಂದರು. ಇದನ್ನು ಎಲ್ಲರೂ ಗಮನವಿಟ್ಟು ಓದಬೇಕು. ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗವಾಗಿ ಆರಂಭವಾದಾಗ (ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಲ್ಲಿ) ಬಡ ಕುಟುಂಬಗಳನ್ನೇ ಕಣ್ಣ ಮುಂದೆ ಇಟ್ಟುಕೊಂಡಿತ್ತು. ಆದರೆ ಆಹಾರದ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರ ಅಕ್ಟೋಬರ್‌ನಲ್ಲಿ, ಈ ಯೋಜನೆಗೆ ಬಿಪಿಎಲ್ ಎಂಬುದನ್ನು ಅರ್ಹತೆಯ ಅಳತೆಯಾಗಿ ಬಳಸಕೂಡದೆಂದು ಆದೇಶಿಸಿತು. 2006ರ ಡಿಸೆಂಬರ್ ಆದೇಶದಲ್ಲಿ ಆರು ವರ್ಷದೊಳಗಿನ ಪ್ರತಿ ಮಗುವಿಗೂ ಇದು ಸಿಗಬೇಕೆಂದದ್ದಲ್ಲದೆ, ಅಂಗನವಾಡಿ ಇಲ್ಲದ ಹಳ್ಳಿ ಅಥವಾ ಕೊಳಚೆ ಪ್ರದೇಶದಲ್ಲಿ ಅಂಥ 40 ಮಕ್ಕಳಿದ್ದು ಜನ ಕೇಳಿದರೆ, ಮೂರು ತಿಂಗಳೊಳಗೆ ಕೇಂದ್ರ ತೆರೆಯಬೇಕೆಂದೂ ಹೇಳಿತು.

ಗೊಂದಲ ಹುಟ್ಟುವುದು ಎಲ್ಲಿ ಎಂದು ನಾನು ಬಹಳ ಯೋಚಿಸಿದ್ದೇನೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಒಂದೇ. ಅದರಲ್ಲಿ ನ್ಯಾಯಬೆಲೆ ಅಂಗಡಿಯ ಅಕ್ಕಿಗೆ ಕಾರ್ಡ್ ಬೇಕು, ಐದನೇ ಕಲಮಿನಂತೆ ಅಂಗನವಾಡಿಯ ಊಟಕ್ಕೆ ಕಾರ್ಡ್ ಬೇಡ. ಅಕ್ಕಿಯ ನಿಯಮವನ್ನೇ ಮಗುವಿನ ತಟ್ಟೆಗೂ ಹಚ್ಚಿದ್ದಾರೆ. ಕಾರ್ಯಕರ್ತೆಯ ಮೇಲೆ ನನಗೆ ಈಗ ಕೋಪವಿಲ್ಲ. ಸಮೀಕ್ಷೆ, ಮತದಾರರ ಪಟ್ಟಿ, ಮೊಬೈಲ್‌ನಲ್ಲಿ ಮಕ್ಕಳ ವಿವರ ತುಂಬುವ ಪೋಷಣ್ ಟ್ರ್ಯಾಕರ್ ಎಂದು ಹತ್ತು ಕೆಲಸ ಅವರ ತಲೆಯ ಮೇಲಿವೆ. ಮಾರನೆಯ ದಿನ ಮೇಲ್ವಿಚಾರಕಿ ಫೋನ್ ಮಾಡಿದ ಮೇಲೆ ನಾನು ಹೋದಾಗ ಅವರು, “ನನಗೆ ಮೊದಲಿದ್ದವರು ಹೀಗೇ ಹೇಳಿಕೊಟ್ಟಿದ್ದರು ಅಕ್ಕ” ಎಂದರು. ಮಗನ ಜನನ ಪ್ರಮಾಣಪತ್ರ, ತಾಯಿ ಕಾರ್ಡ್, ನನ್ನ ಆಧಾರ್, ಇಷ್ಟರಲ್ಲೇ ನೋಂದಣಿ ಮುಗಿಯಿತು. ಮಗುವಿನ ಆಧಾರ್ ಇಲ್ಲದಿದ್ದರೂ ತಾಯಿಯದರಿಂದ ನೋಂದಾಯಿಸಬಹುದು. ಮನೆ ಬದಲಿಸಿದವರು ಬೇರೆ ಕೇಂದ್ರಕ್ಕೆ ಹೆಸರನ್ನು ವರ್ಗಾಯಿಸಿಕೊಳ್ಳಲೂಬಹುದು.

ಆದ್ದರಿಂದ ಬಾಗಿಲಲ್ಲಿ ಬೇಡವೆಂದರೆ ಜಗಳಕ್ಕೆ ನಿಲ್ಲಬೇಡಿ, “ಸೇರಿಸಿಕೊಳ್ಳಲಾಗದ ಕಾರಣವನ್ನು ಒಂದು ಚೀಟಿಯಲ್ಲಿ ಬರೆದುಕೊಡಿ” ಎಂದು ಕೇಳಿ. ಇಲ್ಲದ ನಿಯಮವನ್ನು ಬಾಯಲ್ಲಿ ಹೇಳಿದಷ್ಟು ಸುಲಭವಾಗಿ ಯಾರೂ ಬರೆದುಕೊಡುವುದಿಲ್ಲ. ಬರೆದುಕೊಟ್ಟರೆ ಆ ಚೀಟಿಯನ್ನೇ ಮೇಲ್ವಿಚಾರಕಿಯ ಬಳಿ ಒಯ್ಯಿರಿ. ಆರ್‌ಟಿಇ ಸೀಟಿಗೆಂದು ಯಾರಾದರೂ ಹಣ ಕೇಳಿದರೆ, ಕೊಡುವ ಮೊದಲು ಶಿಕ್ಷಣ ಇಲಾಖೆಯ ಪಟ್ಟಿಯಲ್ಲಿ ಆ ಶಾಲೆಯ ಹೆಸರಿದೆಯೇ ಎಂದು ಕಚೇರಿಗೇ ಹೋಗಿ ನೋಡಿ.

ನಮ್ಮ ಹಣದ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ದೂರು ಕೊಡಲು ಹೋದಾಗ ರಸೀದಿ ಕೇಳಿದರು. ನನ್ನ ಬಳಿ ಇರುವುದು ಅಂಗಡಿಗಳಲ್ಲಿ ಸಿಗುವ ಖಾಲಿ ಬಿಲ್ ಪುಸ್ತಕದ ಹಾಳೆಗಳು. ಮೊತ್ತ ಇದೆ, ಸಹಿ ಇದೆ, ಸಂಸ್ಥೆಯ ಹೆಸರಾಗಲಿ ಮುದ್ರೆಯಾಗಲಿ ಇಲ್ಲ, ಎರಡೂವರೆ ಸಾವಿರದ ಹಾಳೆಯಲ್ಲಿ ಆರ್‌ಟಿಇ ಎಂಬ ಮಾತೇ ಇಲ್ಲ, “ಇತರೆ” ಎಂದಷ್ಟೇ ಬರೆದಿದೆ. ಊರೆಲ್ಲರ ಲೆಕ್ಕ ಬರೆಯುವ ನಾನೇ ಅದನ್ನು ಕೈಗೆ ತೆಗೆದುಕೊಂಡಾಗ ನೋಡಿರಲಿಲ್ಲ.