ಕಾರವಾರದಲ್ಲಿ 24 ಗಂಟೆಯ ಹೋಲ್ಟರ್: ‘ಫಿಟ್ಸ್’ ಅನ್ನಿಸಿಕೊಂಡವರಿಗೆ ಎಷ್ಟು ಉಪಯೋಗ?

ಕಾರವಾರದ ಡಯಾಗ್ನೋಸ್ಟಿಕ್ ಸೆಂಟರೊಂದರ ಹೋಲ್ಟರ್ (ಮೈಮೇಲೆ ಕಟ್ಟಿಕೊಂಡು 24 ಗಂಟೆ ಹೃದಯದ ಬಡಿತ ದಾಖಲಿಸುವ ಪುಟ್ಟ ಮೆಷಿನ್) ಸೇವೆ ದಿನವೂ ಎದೆ ಢವಗುಟ್ಟುವವರಿಗೆ ಒಳ್ಳೆಯದು. ವರ್ಷಕ್ಕೆ ಎರಡು ಸಲ ಕುಸಿದು ಬಿದ್ದು ಕೈಕಾಲು ಅದುರುವವರಿಗೆ ಇದೊಂದೇ ಸಾಲದು. ಆ 24 ಗಂಟೆಯಲ್ಲಿ ಏನೂ ಆಗದಿದ್ದರೆ ರಿಪೋರ್ಟ್ ನಾರ್ಮಲ್ ಬರುತ್ತದೆ, ಕಾಯಿಲೆ ಹಾಗೇ ಉಳಿದಿರುತ್ತದೆ.

ಹೃದಯದ ಲಯ ಕೆಟ್ಟು ಮೆದುಳಿಗೆ ರಕ್ತ ನಿಂತರೆ ಕೆಲವೇ ಸೆಕೆಂಡಿನಲ್ಲಿ ಎಚ್ಚರ ತಪ್ಪಿ ಮೈ ಸೆಟೆದು ಅದುರುತ್ತದೆ. ಮುಖ ಬಿಳಿಚಿ, ಅದುರು ಬೇಗ ನಿಂತು, ಎದ್ದ ತಕ್ಷಣ ಸರಿಯಾಗಿ ಮಾತಾಡಿದರೆ ಹೃದಯದ ಮೇಲೆ ಅನುಮಾನ ಇಡಬೇಕು. ನಾಲಿಗೆಯ ಬದಿ ಕಚ್ಚಿಕೊಂಡು, ಎದ್ದ ಮೇಲೂ ಬಹಳ ಹೊತ್ತು ಮಂಕಾಗಿದ್ದರೆ ಅದು ಮೂರ್ಛೆರೋಗದ ಕಡೆಗೆ ಬೊಟ್ಟು ಮಾಡುತ್ತದೆ. ಮೂತ್ರ ಹೋಗುವುದು ಎರಡರಲ್ಲೂ ಉಂಟು, ಅದನ್ನು ನೆಚ್ಚಬೇಡಿ. ಓಡುವಾಗ, ಈಜುವಾಗ, ಅಲಾರಂ ಸದ್ದಿಗೆ ಬೆಚ್ಚಿದಾಗ ಬಿದ್ದರೆ ಲಾಂಗ್ ಕ್ಯೂಟಿ ಇರಬಹುದು, ಅಂದರೆ ಪ್ರತಿ ಬಡಿತದಲ್ಲಿ ಹೃದಯದ ವಿದ್ಯುತ್ ಮತ್ತೆ ಸಜ್ಜಾಗಲು (ಇಸಿಜಿಯಲ್ಲಿ ‘ಕ್ಯೂಟಿ’ ಅಂತರ) ಹೆಚ್ಚು ಹೊತ್ತು ಹಿಡಿದು ಲಯ ಕೆಡುವ ತೊಂದರೆ. ನಮ್ಮ ಕಡಲ ಬದಿಯ ಮಕ್ಕಳ ವಿಷಯದಲ್ಲಿ ಇದನ್ನು ಮರೆಯಲೇಬಾರದು.

ಹಾಗಾಗಿ ಹೋಲ್ಟರ್‌ಗಿಂತ ಮೊದಲು ತಾಲೂಕು ಆಸ್ಪತ್ರೆಯಲ್ಲೂ ಆಗುವ 12 ಲೀಡ್ ಇಸಿಜಿ ಮಾಡಿಸಿ. ಮೆಷಿನ್ ಛಾಪಿಸಿದ ‘ನಾರ್ಮಲ್’ ಪದ ನಂಬದೆ ಕ್ಯೂಟಿಯನ್ನು ವೈದ್ಯರು ಕೈಯಿಂದ ಅಳೆಯಬೇಕು. ಕ್ಯೂಟಿ 450 ಮಿಲಿಸೆಕೆಂಡ್, ಎರಡು ಬಡಿತದ ಅಂತರ 0.81 ಸೆಕೆಂಡ್ ಇದ್ದರೆ, 0.81ರ ವರ್ಗಮೂಲ 0.9ರಿಂದ ಭಾಗಿಸಿದಾಗ, ಬಡಿತದ ವೇಗಕ್ಕೆ ತಕ್ಕಂತೆ ಸರಿಪಡಿಸಿದ ಕ್ಯೂಟಿ 500 ಮಿಲಿಸೆಕೆಂಡ್. ಇಷ್ಟಿದ್ದರೆ ತಡ ಮಾಡದೆ ಮಣಿಪಾಲಕ್ಕೋ ಬೆಂಗಳೂರಿನ ಜಯದೇವಕ್ಕೋ ಹೋಗಬೇಕು.

ಇನ್ನು ಸೇವೆ. ಹುಡುಗರು ಕೂದಲು ಬೋಳಿಸಿ, ಸ್ಪಿರಿಟ್ ಒರೆಸಿ, ಚರ್ಮ ಒಣಗಿದ ಮೇಲೇ ಎಲೆಕ್ಟ್ರೋಡ್ ಅಂಟಿಸುತ್ತಾರೆ, ವೈರನ್ನು ಒಂದು ಸುತ್ತು ಮಡಚಿ ಟೇಪ್ ಹಾಕುತ್ತಾರೆ. ಕರಾವಳಿಯ ಬೆವರಿಗೆ ಇದು ಬೇಕೇ ಬೇಕು, ಆದರೂ ಏಪ್ರಿಲ್–ಮೇನಲ್ಲಿ ರಾತ್ರಿಯೊಳಗೆ ಒಂದೆರಡು ಕಿತ್ತು ಬರಬಹುದು, ಹೆಚ್ಚಿನ ಸ್ಟಿಕ್ಕರ್ ಕೇಳಿ ತನ್ನಿ. ಕೊರತೆ ಎರಡು. ಮೆಷಿನ್ ಗಡಿಯಾರವನ್ನು ನಿಮ್ಮ ಮೊಬೈಲ್ ಜೊತೆ ತಾಳೆ ನೋಡುವುದಿಲ್ಲ, ಡೈರಿಯನ್ನೂ ಇಂಗ್ಲಿಷಿನಲ್ಲೇ ಕೊಡುತ್ತಾರೆ. ಕನ್ನಡದಲ್ಲೇ ಬರೆಯಿರಿ: ಎಷ್ಟು ಗಂಟೆಗೆ, ಏನು ಮಾಡುತ್ತಿದ್ದಾಗ, ಏನಾಯಿತು. ಹಲ್ಲುಜ್ಜಿದ್ದು, ಕಾಯಿ ತುರಿದದ್ದೂ ಇರಲಿ. ಕೈಯ ಆ ಅಲುಗಾಟ ಗ್ರಾಫಿನಲ್ಲಿ ಥೇಟ್ ಅಪಾಯದ ವಿಟಿಯ (ಹೃದಯದ ಕೆಳಕೋಣೆಯಿಂದ ಹುಟ್ಟುವ ಅತಿವೇಗದ ಬಡಿತ) ಹಾಗೇ ಕಾಣುತ್ತದೆ. ಒಂದು ಹಾಳೆಯ ಸಾರಾಂಶಕ್ಕೆ ತೃಪ್ತರಾಗದೆ ಪೂರ್ತಿ ಸ್ಟ್ರಿಪ್‌ಗಳನ್ನೂ ಕೇಳಿ ತೆಗೆದುಕೊಳ್ಳಿ.

ಅಪರೂಪಕ್ಕೆ ಬೀಳುವವರಿಗೆ ಎದೆಗೆ ಅಂಟಿಸಿ 14 ದಿನದವರೆಗೆ ಬಡಿತ ದಾಖಲಿಸುವ ಪ್ಯಾಚ್ ಇದೆ, ಅದಕ್ಕೂ ಸಿಗದಿದ್ದರೆ ಎದೆಯ ಚರ್ಮದಡಿ ವರ್ಷಗಟ್ಟಲೆ ಇಡುವ ಲೂಪ್ ರೆಕಾರ್ಡರ್.

ಲಾಂಗ್ ಕ್ಯೂಟಿ ಖಚಿತವಾದರೆ ಪ್ರೊಪ್ರಾನೊಲಾಲ್‌ನಂಥ ಬೀಟಾ ಬ್ಲಾಕರ್ (ಹೃದಯದ ಮೇಲೆ ಅಡ್ರಿನಲಿನ್ ಪ್ರಭಾವ ತಗ್ಗಿಸುವ ಮಾತ್ರೆ) ಒಂದು ದಿನವೂ ತಪ್ಪಬಾರದು, ಕೆಲವರಿಗೆ ಐಸಿಡಿ (ಲಯ ಕೆಟ್ಟಾಗ ತಾನೇ ಶಾಕ್ ಕೊಡುವ, ಮೈಯೊಳಗೆ ಇಡುವ ಸಾಧನ) ಬೇಕಾಗುತ್ತದೆ. ಅಜಿತ್ರೋಮೈಸಿನ್, ಡೊಂಪೆರಿಡೋನ್, ಒಂಡಾನ್ಸೆಟ್ರಾನ್ ಕ್ಯೂಟಿ ಹಿಗ್ಗಿಸುತ್ತವೆ, ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗಬೇಡಿ. ಫಿಟ್ಸ್ ಮಾತ್ರೆಯನ್ನೂ ತಾವಾಗಿ ನಿಲ್ಲಿಸಬೇಡಿ. ಲಾಂಗ್ ಕ್ಯೂಟಿ ವಂಶದಲ್ಲಿ ಬರಬಹುದು, ಅದಕ್ಕೇ ಅಪ್ಪ, ಅಮ್ಮ, ಒಡಹುಟ್ಟಿದವರೆಲ್ಲರ ಇಸಿಜಿ ಆಗಬೇಕು. ಮನೆಯಲ್ಲಿ ಯಾರಾದರೂ ಬಿದ್ದು ಉಸಿರು ಸರಿಯಿಲ್ಲದಿದ್ದರೆ ಕೈಗೆ ಕಬ್ಬಿಣ ಹಿಡಿಸಿ ಕಾಯಬೇಡಿ, 108ಕ್ಕೆ ಫೋನ್ ಮಾಡಿ ಎದೆ ಒತ್ತಲು ಶುರು ಮಾಡಿ.