ಬೇಸ್ ಗಿಟಾರಿನ ಫ್ರೆಟ್ ಕೀಳಿಸೋಕೆ ಕೊಡುವ ಮುಂಚೆ ಓದಿ

ಬಳ್ಳಾರಿ ಕಡೆ ಮೆಟಲ್ (ಅಬ್ಬರದ ರಾಕ್ ಸಂಗೀತ) ನುಡಿಸುವ ಹುಡುಗರಿಗೆ ಮೊದಲೇ ಹೇಳಿಬಿಡ್ತೀನಿ. ನಿಮ್ಮ ಬೇಸ್ ಗಿಟಾರನ್ನು ಫ್ರೆಟ್‌ಲೆಸ್ ಮಾಡಿಕೊಡ್ತೀನಿ, ಅಂದರೆ ಸ್ವರದ ಜಾಗ ತೋರಿಸುವ ಅಡ್ಡ ಲೋಹದ ಪಟ್ಟಿಗಳನ್ನು (ಫ್ರೆಟ್) ಕಿತ್ತು ಕೊಡ್ತೀನಿ ಅಂತ ಯಾರಾದರೂ ಅಂದರೆ, ಅವರು ಹಿಂದೆ ಮಾಡಿದ ಒಂದು ನೆಕ್ಕನ್ನಾದರೂ (ತಂತಿ ಒತ್ತುವ ಉದ್ದನೆಯ ಹಿಡಿ) ಕೈಯಲ್ಲಿ ಹಿಡಿದು ನೋಡದೆ ಕೊಡಬೇಡಿ. ನನ್ನದು ರೋಸ್‌ವುಡ್ ಬೋರ್ಡಿನ (ನೆಕ್ಕಿನ ಮೇಲೆ ಬೆರಳು ಒತ್ತುವ ಹಲಗೆ) ನಾಲ್ಕು ತಂತಿಯ ಬೇಸ್. ಅದರ ನೆಕ್ ಈಗ ಅಟ್ಟದ ಮೇಲಿದೆ.

ನಾನು ಬೇಸ್ ಕೊಟ್ಟ ಅಂಗಡಿಯವರು ಆರ್ಕೆಸ್ಟ್ರಾಗಳ ಕೀಬೋರ್ಡ್, ರಿದಂ ಪ್ಯಾಡ್, ಹಾರ್ಮೋನಿಯಂ ರಿಪೇರಿ ಮಾಡುವವರು. ಹೆಸರು ಬರೆಯಲ್ಲ. ಹಾರ್ಮೋನಿಯಂ ಕೆಲಸ ಚೆನ್ನಾಗಿಯೇ ಮಾಡ್ತಾರೆ, ಅದರಲ್ಲಿ ಎರಡು ಮಾತಿಲ್ಲ. "ಏನಾಗಲ್ಲ ಬಿಡಣ್ಣ, ಜಾಕೋ ಪ್ಯಾಸ್ಟೋರಿಯಸ್ಸೂ ಹಿಂಗೇ ಫ್ರೆಟ್ ಕಿತ್ತು ಪುಟ್ಟಿ ತುಂಬಿದ್ದು, ಯೂಟ್ಯೂಬ್‌ನಾಗ ನೋಡೀನಿ" ಅಂದರು. ಅರ್ಧ ನಿಜ. ಫ್ರೆಟ್‌ಲೆಸ್ ಬೇಸ್‌ಗೆ ಹೆಸರಾದ ಅಮೆರಿಕದ ಜಾಕೋ ಪುಟ್ಟಿಯ ಮೇಲೆ ದೋಣಿಗೆ ಬಳಿಯುವ ಎಪಾಕ್ಸಿ ಹಚ್ಚಿದ್ದರು, ತಂತಿಯ ಉಜ್ಜಾಟ ತಡೆದದ್ದು ಆ ಗಟ್ಟಿ ಪದರ. ಇವರ ವಿಡಿಯೋ ಅಲ್ಲಿಯವರೆಗೆ ಓಡಿರಲಿಲ್ಲ ಅಂತ ಕಾಣುತ್ತೆ.

ಫ್ರೆಟ್ ಕೀಳುವಾಗ ಮೊದಲು ಸೋಲ್ಡರಿಂಗ್ ಐರನ್ನಿನಿಂದ ಬಿಸಿ ಮಾಡಬೇಕು, ಆಮೇಲೆ ನಿಧಾನಕ್ಕೆ ಎತ್ತಬೇಕು. ಫ್ರೆಟ್ಟಿನ ಅಡಿಯಲ್ಲಿ ಸಣ್ಣ ಸಣ್ಣ ಮುಳ್ಳುಗಳಿರುತ್ತವೆ, ಒಣಗಿದ ಮರದಿಂದ ಜಗ್ಗಿದರೆ ಚಕ್ಕೆ ಎದ್ದು ಬರುತ್ತೆ. ಇವರು ತಣ್ಣಗಿದ್ದಾಗಲೇ ಕಟಿಂಗ್ ಪ್ಲೇಯರ್ ಹಾಕಿ ಎಳೆದಿದ್ದಾರೆ. ಚಕ್ಕೆ ಹಾರಿದ ಕಡೆಯೆಲ್ಲ ಕಾರಿನ ಟಿಂಕರಿಂಗ್ ಪುಟ್ಟಿ. ತುಂಬಬೇಕಿದ್ದದ್ದು ತೆಳ್ಳಗಿನ ಮರದ ಪಟ್ಟಿ. ಉಜ್ಜುವಾಗ ಬೋರ್ಡಿನ ಬಾಗಿಗೆ ಹೊಂದುವ ಬ್ಲಾಕ್ ಇಟ್ಟುಕೊಂಡಿಲ್ಲ, ಸ್ಯಾಂಡ್‌ಪೇಪರನ್ನು ಬೆರಳಲ್ಲೇ ಒತ್ತಿ ಉಜ್ಜಿದ್ದಾರೆ. ಅಲ್ಲಲ್ಲಿ ತಗ್ಗು. ಮೇಲೆ ಬಾಗಿಲಿಗೆ ಬಳಿಯುವ ವಾರ್ನಿಷ್. ಬಳ್ಳಾರಿಯ ಮೇ ತಿಂಗಳಲ್ಲಿ ಆ ವಾರ್ನಿಷ್ ಬೆರಳಿಗೆ ಅಂಟುತ್ತಿತ್ತು, ಮರ ಒಣಗಿ ಪುಟ್ಟಿ ಸಂದು ಬಿಟ್ಟಿತು. ಫ್ರೆಟ್ ಹೋದ ಮೇಲೆ ತಂತಿ ಅಷ್ಟು ಎತ್ತರದಲ್ಲಿ ಇರಬಾರದು, ನಟ್ಟನ್ನೂ (ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಗಾಡಿಯ ಪಟ್ಟಿ) ಇಳಿಸಬೇಕು. ಅದನ್ನು ಮುಟ್ಟಿಯೇ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಅನ್ಯಾಯ ಬೇರೆ ಇದೆ. ಪುಟ್ಟಿಗೆ ಮರದ ಬಣ್ಣವನ್ನೇ ಬೆರೆಸಿ ಫ್ರೆಟ್ ಇದ್ದ ಗೆರೆಗಳೇ ಕಾಣದ ಹಾಗೆ ಮಾಡಿದ್ದರು, ಅದೂ ಹೆಮ್ಮೆಯಿಂದ. ನೆಕ್ಕಿನ ಬದಿಯಲ್ಲಿ ಜಾಗ ತೋರಿಸುವ ಚುಕ್ಕಿಗಳು ಮಾತ್ರ ಹಳೆಯ ಜಾಗದಲ್ಲೇ, ಅಂದರೆ ಎರಡು ಫ್ರೆಟ್‌ಗಳ ನಡುವೆ. ಫ್ರೆಟ್‌ಲೆಸ್‌ನಲ್ಲಿ ಬೆರಳು ಇಡಬೇಕಾದದ್ದು ಫ್ರೆಟ್ ಇದ್ದ ಗೆರೆಯ ಮೇಲೆಯೇ. ಚುಕ್ಕಿ ನಂಬಿ ಒತ್ತಿದರೆ ಪ್ರತಿ ಸ್ವರವೂ ಸುಮಾರು ಅರ್ಧ ಸೆಮಿಟೋನ್ (ಸೆಮಿಟೋನ್ ಅಂದರೆ ಒಂದು ಫ್ರೆಟ್ಟಿನ ಅಂತರ) ಕೆಳಗೆ. 34 ಇಂಚು ಸ್ಕೇಲಿನ (ಮಿಡಿಯುವ ತಂತಿಯ ಉದ್ದ) ಬೇಸಿನಲ್ಲಿ ಐದನೇ ಫ್ರೆಟ್ ಜಾಗದಿಂದ ಒಂದು ಸೆಂಟಿಮೀಟರ್ ನಟ್ಟಿನ ಕಡೆಗೆ ಸರಿದರೂ ಕಾಲು ಸೆಮಿಟೋನಿಗಿಂತ ಹೆಚ್ಚು ಇಳಿಯುತ್ತೆ.

ಹೋಗಿ ಕೇಳಿದರೆ ಬಂದ ಉತ್ತರ: "ನಿಮ್ದು ಮೆಟಲ್ ಅಲ್ಲೇನಣ್ಣ, ಆ ಗದ್ದಲದಾಗ ಯಾರಿಗೆ ಕೇಳುತ್ತೆ?" ಆಮೇಲೆ ಮರವೇ ಸರಿಯಿಲ್ಲ ಅಂದರು. ದುಡ್ಡು ವಾಪಸ್ ಬರಲಿಲ್ಲ, ಕಿತ್ತ ಫ್ರೆಟ್‌ಗಳೂ ಇಲ್ಲ.

ಯಾರಿಗೆ ಕೇಳುತ್ತೆ? ಎಲ್ಲರಿಗೂ. ಡಿಸ್ಟಾರ್ಶನ್ ಹಾಕಿದ ಗಿಟಾರ್ ಜೊತೆ ಬೇಸ್ ಅದೇ ರಿಫ್ (ಮತ್ತೆ ಮತ್ತೆ ಬರುವ ಸ್ವರಗಳ ತುಣುಕು) ನುಡಿಸುವಾಗ ಎರಡರ ಶ್ರುತಿ ಒಂಚೂರು ಬೇರೆಯಾದರೂ ಧ್ವನಿ ಅಲೆಯಾಗಿ ತೂಗಾಡುತ್ತೆ. ಡೆತ್ ಅನ್ನುವ ಮೆಟಲ್ ತಂಡದ 1993ರ ಆಲ್ಬಂನಲ್ಲಿ ಸ್ಟೀವ್ ಡಿಜಾರ್ಜಿಯೊ, ಅದೇ ವರ್ಷ ಸಿನಿಕ್ ತಂಡದಲ್ಲಿ ಶಾನ್ ಮಲೋನ್, ಪೆಸ್ಟಿಲೆನ್ಸ್‌ನಲ್ಲಿ ಯೆರುನ್ ಪಾಲ್ ಥೆಸೆಲಿಂಗ್ ಫ್ರೆಟ್‌ಲೆಸ್ ನುಡಿಸಿದ್ದು ಅಷ್ಟು ಸ್ಪಷ್ಟವಾಗಿ ಕೇಳಿಸುತ್ತೆ ಅಂದರೆ, ಅದು ಶ್ರುತಿಯಲ್ಲಿ ಕೂತಿದೆ ಅಂತಲೇ. ಮೆಟಲ್ ಅಂದರೆ ಹೇಗೆ ಬಾರಿಸಿದರೂ ನಡೆಯುತ್ತೆ ಅನ್ನುವವರ ಕೈಗೆ ವಾದ್ಯ ಕೊಡಲೇಬಾರದು.

ತಂತಿಯ ವಿಷಯದಲ್ಲೂ ಹುಷಾರು. ಸ್ಟೀಲ್ ರೌಂಡ್‌ವೌಂಡ್ (ಮೇಲೆ ದುಂಡು ಸರಿಗೆ ಸುತ್ತಿದ) ತಂತಿ ಮರವನ್ನು ಅರದಂತೆ ತಿನ್ನುತ್ತೆ. ಫ್ಲಾಟ್‌ವೌಂಡ್ (ಚಪ್ಪಟೆ ಸರಿಗೆ ಸುತ್ತಿದ್ದು) ಹಾಕಿದರೆ ಬೋರ್ಡ್ ಉಳಿಯುತ್ತೆ, ಆದರೆ ನಮಗೆ ಬೇಕಾದ ಆ ಗುರುಗುಟ್ಟುವ ದನಿ ಮಂಕಾಗುತ್ತೆ. ರೌಂಡ್‌ವೌಂಡೇ ಬೇಕು ಅನ್ನುವವರು ನಿಕಲ್ ಹಾಕಿ, ಬೋರ್ಡ್ ಎಬೊನಿಯಂಥ ಗಟ್ಟಿ ಮರದ್ದೋ ಎಪಾಕ್ಸಿ ಹಚ್ಚಿದ್ದೋ ಇರಲಿ.

ಆರು ತಂತಿಯ ಗಿಟಾರಿನ ಫ್ರೆಟ್ ಕೀಳಿಸುವ ಹುಚ್ಚು ಇದ್ದವರಿಗೂ ಒಂದು ಮಾತು. ಬರಿ ಮರದ ಮೇಲೆ ತೆಳು ತಂತಿಯನ್ನು ಬೆರಳಲ್ಲಿ ಒತ್ತಿದರೆ ನಾದ ಬೇಗ ಸತ್ತುಹೋಗುತ್ತೆ. ಫ್ರೆಟ್ ಇಲ್ಲದ ಸರೋದಿಗೆ ಲೋಹದ ಹಲಗೆ ಇರುವುದು ಸುಮ್ಮನೆ ಅಲ್ಲ. ಬಂಬಲ್‌ಫೂಟ್ ಅನ್ನುವ ಗಿಟಾರಿಸ್ಟ್ ನುಡಿಸಿದ ವಿಜಿಯೆ ಕಂಪನಿಯ ಫ್ರೆಟ್‌ಲೆಸ್ ಗಿಟಾರಿನಲ್ಲೂ ಬೋರ್ಡ್ ಲೋಹದ್ದೇ.

ಇಷ್ಟಾದ ಮೇಲೂ ಫ್ರೆಟ್‌ಲೆಸ್ ಬೇಕೇ ಬೇಕು ಅನಿಸಿದರೆ, ಬೋಲ್ಟ್-ಆನ್ ಬೇಸ್ ಇರುವವರು ಹಳೆ ನೆಕ್ ಮುಟ್ಟದೆ ಬೇರೆ ಫ್ರೆಟ್‌ಲೆಸ್ ನೆಕ್ ತರಿಸಿ, ನಾಲ್ಕು ಸ್ಕ್ರೂ ಬಿಚ್ಚಿ ಕೂರಿಸಿಕೊಳ್ಳಿ. ಕೊಳ್ಳುವ ಮುಂಚೆ ಸ್ಕೇಲ್ ಉದ್ದ, ಬುಡದ ಅಗಲ ಅಳೆದುಕೊಳ್ಳಿ. ಫ್ರೆಟ್ ಜಾಗದಲ್ಲಿ ಗೆರೆ ಇರುವುದನ್ನೇ ಆರಿಸಿ, ಗೆರೆ ನೋಡಿ ನುಡಿಸೋದು ಅವಮಾನ ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ನೆಕ್-ಥ್ರೂ ಬೇಸ್ ಇರುವವರು ಫ್ರೆಟ್ ಕೀಳಿಸುವ ಯೋಚನೆಯನ್ನೇ ಬಿಟ್ಟುಬಿಡಿ. ಕೆಟ್ಟರೆ ಬಿಚ್ಚಿ ಬದಲಿಸೋಕೆ ಅದರಲ್ಲಿ ನೆಕ್ ಬೇರೆ ಇರಲ್ಲ.