ಸಾವಿರ ವ್ಯಾಟ್‌ನ ಅಗ್ಗದ ಇಸ್ತ್ರಿ ಪೆಟ್ಟಿಗೆ: ತಳ ಗಟ್ಟಿ, ವೈರು ಸಣಕಲು

ಎಂಟುನೂರು ರೂಪಾಯಿಯೊಳಗೆ ಡ್ರೈ ಐರನ್ (ಹಬೆ ಬಿಡದ ಇಸ್ತ್ರಿ ಪೆಟ್ಟಿಗೆ) ಹುಡುಕುವವರು ವ್ಯಾಟ್ ಎಷ್ಟು, ತಳಕ್ಕೆ ನಾನ್‌ಸ್ಟಿಕ್ ಇದೆಯಾ ಅಂತ ನೋಡಿ ಸುಮ್ಮನಾಗ್ತಾರೆ. ವೈರನ್ನು ಯಾರೂ ನೋಡುವುದಿಲ್ಲ. ನಾನು ಬಳಸುತ್ತಿರುವುದು 1000 ವ್ಯಾಟ್‌ನದು, ತೂಕ ಒಂದು ಕಿಲೋ ಕೂಡ ಇಲ್ಲ, ಎಲ್ಲ ಅಂಗಡಿಗಳಲ್ಲೂ ಮುಂದೆ ಸಾಲಾಗಿ ಜೋಡಿಸಿಟ್ಟಿರುವ ಜಾತಿ. ಕಂಪನಿ ಹೆಸರು ಬೇಡ, ಈ ಬೆಲೆಗೆ ಸಿಗುವ ಹೆಚ್ಚಿನವುಗಳ ಹಣೆಬರಹ ಇದೇ.

ವೈರು ಒಂದೂವರೆ ಮೀಟರ್ ಕೂಡ ಇಲ್ಲ. ನಮ್ಮ ಮನೆಗಳಲ್ಲಿ ಸ್ವಿಚ್ ಬೋರ್ಡ್ ಇರುವುದು ನೆಲದಿಂದ ನಾಲ್ಕು, ನಾಲ್ಕೂವರೆ ಅಡಿ ಮೇಲೆ. ಇಸ್ತ್ರಿ ಟೇಬಲ್ ಇಲ್ಲದವರು ಮಂಚದ ಮೇಲೋ ನೆಲದಲ್ಲೋ ಕಂಬಳಿ ಮಡಚಿ ಹಾಸಿ, ಮೇಲೊಂದು ಹಳೇ ಬೆಡ್‌ಶೀಟ್ ಹಾಕಿಕೊಳ್ಳುತ್ತಾರೆ. ಅಲ್ಲಿ ಕೂತು ಪೆಟ್ಟಿಗೆಯನ್ನು ಮುಂದಕ್ಕೆ ತಳ್ಳಿದಾಗಲೆಲ್ಲ ವೈರು ಹಿಂದಕ್ಕೆ ಜಗ್ಗುತ್ತದೆ. ಜಗ್ಗುವುದೆಲ್ಲ ಬೀಳುವುದು ಕುತ್ತಿಗೆಯ ಮೇಲೆ, ಅಂದರೆ ಹಿಡಿಯ ಹಿಂಬದಿಯಲ್ಲಿ ವೈರು ಒಳಹೋಗುವ ಜಾಗದಲ್ಲಿ. ಮೇಲಿನ ಕಪ್ಪು ರಬ್ಬರ್ ತೋಳು ಚೆನ್ನಾಗೇ ಕಾಣುತ್ತಿರುತ್ತದೆ, ಒಳಗೆ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತಿರುತ್ತವೆ. ಸಾವಿರ ವ್ಯಾಟ್ ಅಂದರೆ ನಾಲ್ಕು ಆಂಪಿಯರ್‌ಗಿಂತ ಹೆಚ್ಚು ಕರೆಂಟು. ಅದಷ್ಟೂ ಉಳಿದ ನಾಲ್ಕೈದು ಎಳೆಗಳಲ್ಲಿ ಹರಿದರೆ ಆ ಜಾಗ ಕಾಯುತ್ತದೆ, ವೈರಿನ ಮೇಲಿನ ಬಟ್ಟೆಯ ಹೆಣಿಗೆ ಕಂದು ಬಣ್ಣಕ್ಕೆ ತಿರುಗುತ್ತದೆ, ಸುಟ್ಟ ವಾಸನೆ ಬರುತ್ತದೆ. ವೈರು ಅಲ್ಲಾಡಿಸಿದರೆ ಪೆಟ್ಟಿಗೆಯ ದೀಪ ಹತ್ತುತ್ತದೆ, ಬಿಟ್ಟರೆ ಆರುತ್ತದೆ ಅನ್ನುವ ಹಂತಕ್ಕೆ ಬಂದರೆ ಅವತ್ತೇ ಪ್ಲಗ್ ಕಿತ್ತುಬಿಡಿ. ಸರ್ವಿಸ್ ಸೆಂಟರ್‌ನಲ್ಲಿ ನನಗೆ ಸಿಕ್ಕ ಉತ್ತರ: ವೈರಿಗೆ ವಾರಂಟಿ ಇಲ್ಲ. ಮೊದಲು ಹಾಳಾಗುವ ಭಾಗಕ್ಕೇ ವಾರಂಟಿ ಇಲ್ಲದಿದ್ದರೆ ಇನ್ನು ಯಾತಕ್ಕೆ?

ಉದ್ದ ಸಾಲದು ಅಂತ ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಸಿಕ್ಕಿಸುವವರಿದ್ದಾರೆ. ಅಲ್ಲಿಗೆ ಶಾಕ್ ಹೊಡೆಯದಂತೆ ಕಾಯುವ ಅರ್ಥಿಂಗ್ ಹೋಯಿತು. ತಳ ಪೂರ್ತಿ ಲೋಹ, ಕೈ ಒದ್ದೆ, ಬಟ್ಟೆಯೂ ಒದ್ದೆ.

ಇಷ್ಟು ಬೈದರೂ ಪೆಟ್ಟಿಗೆ ಎಸೆದಿಲ್ಲ. ಅದರ ಕಾವು ಅಷ್ಟು ಚೆನ್ನಾಗಿದೆ. ತೆಳು ಅಲ್ಯೂಮಿನಿಯಂ ತಳವಾದ್ದರಿಂದ ಬೇಗ ಕಾಯುತ್ತದೆ, ಆದರೆ ಮೊದಲ ಸಲ ದೀಪ ಆರಿದಾಗ ಶಾಖ ನಾವು ಇಟ್ಟ ಮಟ್ಟ ದಾಟಿ ಮೇಲೇರಿರುತ್ತದೆ. ದೀಪ ಮತ್ತೆ ಹತ್ತಿ ಎರಡನೇ ಸಲ ಆರುವವರೆಗೆ ಬಟ್ಟೆಗೆ ತಾಗಿಸಬೇಡಿ. ಡಯಲ್‌ನ ಒಂದು ಚುಕ್ಕಿ ಅಂದರೆ ಸುಮಾರು 110 ಡಿಗ್ರಿ, ಎರಡಕ್ಕೆ 150, ಮೂರಕ್ಕೆ 200. ಕೆಲಸ ಶುರುವಾಗಬೇಕಾದ್ದು ಕಡಿಮೆ ಶಾಖದಿಂದ: ಮೊದಲು ನೈಲಾನು, ಆಮೇಲೆ ಮಕ್ಕಳ ಯೂನಿಫಾರ್ಮಿನಂಥ ಮಿಕ್ಸ್ ಬಟ್ಟೆ, ಕೊನೆಗೆ ಹತ್ತಿ. ತಳ ಕಾಯುವಷ್ಟು ಬೇಗ ಆರುವುದಿಲ್ಲ, ಹತ್ತಿಯಿಂದ ಹಿಂದಕ್ಕೆ ಬರಲು ಹೋದವರ ಪಾಲಿಯೆಸ್ಟರ್ ತಳಕ್ಕೆ ಅಂಟುತ್ತದೆ. ಸ್ವಿಚ್ ಆರಿಸಿದ ಮೇಲೆ ಉಳಿಯುವ ಕಾವಿನಲ್ಲಿ ಎರಡು ಮೂರು ಕರ್ಚೀಫು ಮುಗಿಯುತ್ತವೆ.

ಹತ್ತಿ ಒಡಲಿನ ಇಳಕಲ್ ಸೀರೆ ಮಾತ್ರ ಪೆಟ್ಟಿಗೆಗೂ ಪರೀಕ್ಷೆ, ಕೈಗೂ ಪರೀಕ್ಷೆ. ಸೆರಗು ರೇಷ್ಮೆ. ಅದನ್ನು ತಿರುವಿ ಹಾಕಿ ಒಂದು ಚುಕ್ಕಿಯಲ್ಲಿ ಮೊದಲು ಮುಗಿಸಿ, ಒಡಲು ಸೆರಗು ಸೇರುವ ತೋಪು ತೆನಿಯ ಹತ್ತಿರವೂ ಅದೇ ಶಾಖ ಇರಲಿ. ಆಮೇಲೆ ಒಡಲಿಗೆ ನೀರು ಚಿಮುಕಿಸಿ, ಸುರುಳಿ ಸುತ್ತಿ ಅರ್ಧ ಗಂಟೆ ಬಿಟ್ಟರೆ ತೇವ ಸಮನಾಗಿ ಹರಡುತ್ತದೆ. ಆಗ ಮೂರು ಚುಕ್ಕಿಗೆ ಏರಿಸಿ. ಗಂಜಿ ಹಾಕಿದ್ದರೆ ತಳಕ್ಕೆ ಕಂದು ಕಲೆ ಕೂರುತ್ತದೆ. ಪ್ಲಗ್ ತೆಗೆದು, ಉಗುರುಬೆಚ್ಚಗಿರುವಾಗ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಸ್ಟೀಲ್ ನಾರು ತಂದರೆ ನಾನ್‌ಸ್ಟಿಕ್ ಕಥೆ ಮುಗೀತು. ಪ್ಯಾಂಟಿನ ಜಿಪ್ಪು, ಕುಪ್ಪಸದ ಹುಕ್ಕು ಕೂಡ ಅದಕ್ಕೆ ಶತ್ರುಗಳೇ.

ವೈರು ಬದಲಿಸುವುದು ದೊಡ್ಡ ವಿದ್ಯೆಯೇನಲ್ಲ, ಆದರೆ ಮೊದಲು ತಪ್ಪು ಎಲ್ಲಿದೆ ಅಂತ ಗೊತ್ತಾಗಬೇಕು. ಪ್ಲಗ್ ಬೋರ್ಡಿನಿಂದ ಹೊರಗಿರಲಿ, ಡಯಲ್ ಮೂರು ಚುಕ್ಕಿಗಿರಲಿ. ಮಲ್ಟಿಮೀಟರನ್ನು ಓಮ್‌ಗೆ (ಕರೆಂಟಿಗೆ ಎದುರಾಗುವ ತಡೆಯ ಅಳತೆ) ತಿರುಗಿಸಿ, ಅದರ ಕಡ್ಡಿಗಳನ್ನು ಪ್ಲಗ್ಗಿನ ಎರಡು ಸಣ್ಣ ಪಿನ್ನುಗಳಿಗೆ ಇಟ್ಟರೆ 1000 ವ್ಯಾಟ್‌ಗೆ ಸುಮಾರು 53 ಓಮ್, 750 ವ್ಯಾಟ್‌ಗೆ ಸುಮಾರು 70 ಓಮ್ ತೋರಿಸಬೇಕು. ಕುತ್ತಿಗೆ ಬಗ್ಗಿಸಿದಾಗ ಅಂಕಿ ಕುಣಿದರೆ ವೈರೇ ಹೋಗಿದೆ. ಏನೂ ತೋರಿಸದಿದ್ದರೆ ವೈರು, ಶಾಖವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್, ಕಾವು ಮಿತಿಮೀರಿದರೆ ಕರೆಂಟು ಕಡಿಯುವ ಒಳಗಿನ ಥರ್ಮಲ್ ಫ್ಯೂಸ್, ತಳ ಕಾಯಿಸುವ ಕಾಯಿಲ್ ನಾಲ್ಕರ ಮೇಲೂ ಅನುಮಾನ. ಈಗಿನ ಹಗುರ ಪೆಟ್ಟಿಗೆಗಳಲ್ಲಿ ಕಾಯಿಲನ್ನು ತಳದ ಜೊತೆಗೇ ಎರಕ ಹೊಯ್ದಿರುತ್ತಾರೆ, ಹಳೇ ಅಭ್ರಕದ ಎಲಿಮೆಂಟಿನ ಹಾಗೆ ನೂರಿನ್ನೂರಕ್ಕೆ ಬದಲಿಸಿಕೊಡಲು ಬರುವುದಿಲ್ಲ. ಕಾಯಿಲ್ ಹೋಗಿದ್ದರೆ ಹೊಸದೇ ಗತಿ. ದೊಡ್ಡ ಪಿನ್ನಿನಿಂದ ತಳಕ್ಕೆ ಅಳೆದರೆ ಅಂಕಿ ಒಂದು ಓಮ್‌ಗಿಂತ ಕಡಿಮೆ ಬರಬೇಕು, ಹೆಚ್ಚು ಬಂದರೆ ಅಥವಾ ಏನೂ ತೋರಿಸದಿದ್ದರೆ ಅರ್ಥಿಂಗ್ ಸಡಿಲವಾಗಿದೆ.

ವೈರೇ ಅಂತ ಖಚಿತವಾದರೆ ಬಟ್ಟೆ ಹೆಣಿಗೆಯ, ಒಳಗೆ ಮೂರು ಬೇರೆ ಬೇರೆ ಬಣ್ಣದ ವೈರಿರುವ (ತ್ರೀ ಕೋರ್), 0.75 ಚದರ ಮಿಲಿಮೀಟರ್ ವೈರು ಎರಡು ಮೀಟರ್ ತನ್ನಿ. ಮಾಮೂಲಿ ಪಿವಿಸಿ ವೈರು ಬಿಸಿ ತಳಕ್ಕೆ ತಾಗಿದರೆ ಕರಗುತ್ತದೆ. ಹಿಂಬದಿಯ ಸ್ಕ್ರೂ ಬಿಚ್ಚಿ, ಯಾವ ಬಣ್ಣ ಎಲ್ಲಿತ್ತು ಅಂತ ಫೋಟೊ ತೆಗೆದಿಟ್ಟುಕೊಳ್ಳಿ. ತುದಿಗಳಿಗೆ ಬೆಸುಗೆ ಬೇಡ, ಕಾವಿಗೆ ಮೆತ್ತಗಾಗುತ್ತದೆ. ಲಗ್ (ತುದಿಗೆ ಹಾಕುವ ಲೋಹದ ಕೊಂಡಿ) ಕ್ರಿಂಪ್ ಮಾಡಿಸಿ, ಅಂದರೆ ಒತ್ತಿ ಕಚ್ಚಿಸಿ, ಇನ್ಸುಲೇಷನ್ ಟೇಪಿನ ಬದಲು ಫೈಬರ್‌ಗ್ಲಾಸ್ ತೋಳು ಹಾಕಿ. ವೈರನ್ನು ಕಚ್ಚಿ ಹಿಡಿಯುವ ಸಣ್ಣ ಕ್ಲಾಂಪನ್ನು ಮರೆತರೆ ಜಗ್ಗುವುದೆಲ್ಲ ನೇರ ಟರ್ಮಿನಲ್ ಮೇಲೆ ಬೀಳುತ್ತದೆ. ಮುಚ್ಚಿದ ಮೇಲೆ ಇನ್ನೊಮ್ಮೆ ಅರ್ಥಿಂಗ್ ಅಳೆಯಿರಿ. ಮೀಟರ್ ಹಿಡಿದು ಅಭ್ಯಾಸ ಇಲ್ಲದವರು ಇದನ್ನೆಲ್ಲ ರಿಪೇರಿ ಅಂಗಡಿಗೆ ಬಿಡುವುದೇ ಸರಿ.

ನನ್ನ ಬಜೆಟ್ಟಿಗೆ ಐದರಲ್ಲಿ ಮೂರು ಅಂಕ. ವಾರಕ್ಕೆ ಹತ್ತು ಹದಿನೈದು ಬಟ್ಟೆ ಇರುವ ಮನೆಗೆ ಧಾರಾಳ ಸಾಕು. ದಿನವೂ ಖಾದಿ ಅಂಗಿ, ಗಂಜಿ ಪಂಚೆ ಅನ್ನುವವರು ಒಂದೂಮುಕ್ಕಾಲು ಕಿಲೋದ ಭಾರದ್ದನ್ನು ನೋಡಿ, ಹಗುರದ್ದರಲ್ಲಿ ಒತ್ತಿ ಒತ್ತಿ ಮಣಿಕಟ್ಟು ನೋಯುತ್ತದೆ. ಯಾವುದೇ ಆದರೂ ಐಎಸ್ಐ ಗುರುತು ನೋಡಿ, ಡಬ್ಬಿ ತೆಗೆಸಿ ವೈರು ಪೂರ್ತಿ ಬಿಚ್ಚಿಸಿ. ಎರಡು ಮೀಟರಿಗೆ ಹತ್ತಿರವಿದ್ದು, ಕುತ್ತಿಗೆ ಬರೀ ಬಾಗದೆ ಸರಾಗ ತಿರುಗುವಂತಿದ್ದರೆ ನೂರೈವತ್ತು ಹೆಚ್ಚು ಕೇಳಿದರೂ ಚೌಕಾಸಿ ಮಾಡದೆ ಕೊಟ್ಟುಬಿಡಿ.